ಗೌಗಮೇಲದಲ್ಲಿ ಬಿಟ್ಟು ಓಡಿದ್ದು ಯಾರು?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿ ಒಂದು ಮಣ್ಣಿನ ಹಲಗೆ ಇದೆ. ಅಲ್ಲಲ್ಲಿ ಒಡೆದು ಹೋಗಿದೆ. ಬರೆದವರು ಬ್ಯಾಬಿಲೋನಿನಲ್ಲಿ ಆಕಾಶ ನೋಡುತ್ತಿದ್ದ ಪಂಡಿತರು. ಅದು ಅವರಿಗೆ ಶತಮಾನಗಳಿಂದ ನಡೆದು ಬಂದ ಕೆಲಸ. ಪ್ರತಿ ರಾತ್ರಿ ಚಂದ್ರ ಎಲ್ಲಿದ್ದ, ಗ್ರಹಗಳು ಎಲ್ಲಿದ್ದವು, ಮೋಡ ಇತ್ತಾ, ಮಳೆ ಬಂತಾ ಅಂತ ಗುರುತು ಹಾಕುವುದು. ತಿಂಗಳ ಕೊನೆಗೆ ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆಯ ಬೆಲೆ ಬರೆಯುವುದು. ಯೂಫ್ರೆಟಿಸ್ ನದಿಯ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಬರೆಯುವುದು. ರಾಜ್ಯದಲ್ಲಿ ದೊಡ್ಡದೇನಾದರೂ ನಡೆದಿದ್ದರೆ ಅದನ್ನೂ ಒಂದೆರಡು ಸಾಲಿನಲ್ಲಿ ಸೇರಿಸುವುದು.

ಹಲಗೆಯಲ್ಲಿ ಉಲೂಲು ಎಂಬ ತಿಂಗಳ ಲೆಕ್ಕ ಇದೆ. ನಮ್ಮ ಲೆಕ್ಕಕ್ಕೆ ಕ್ರಿ.ಪೂ. 331ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಶುರುವಿನ ದಿನಗಳು. ಆ ತಿಂಗಳ 13ನೇ ರಾತ್ರಿ ಚಂದ್ರನಿಗೆ ಪೂರ್ಣ ಗ್ರಹಣ ಹಿಡಿಯಿತು. ಗುರು ಗ್ರಹ ಮುಳುಗಿತ್ತು. ಪಡುವಣ ಗಾಳಿ ಬೀಸುತ್ತಿತ್ತು. ಅದೇ ತಿಂಗಳು ರಾಜನ ಪಾಳೆಯದಲ್ಲಿ ಭೀತಿ ಹರಡಿತು. ಆ ತಿಂಗಳ 24ನೇ ದಿನ ಬೆಳಗ್ಗೆ ಎರಡು ಸೇನೆಗಳು ಎದುರುಬದುರಾದವು. ರಾಜನ ಕಡೆಯವರಿಗೆ ಭಾರಿ ಸೋಲಾಯಿತು. ಇದಾದ ಮೇಲೆ ಒಂದು ಸಾಲು ಬರುತ್ತದೆ. ರಾಜನನ್ನು ಅವನ ಸೈನಿಕರು ಬಿಟ್ಟರು, ತಮ್ಮ ತಮ್ಮ ಊರುಗಳಿಗೆ ಹೋದರು.

ಗೌಗಮೇಲ ಯುದ್ಧದ ಬಗ್ಗೆ ಸ್ವಲ್ಪ ಓದಿದವರಿಗೂ ಈ ಸಾಲು ತಲೆಕೆಳಗಾಗಿ ಕಾಣುತ್ತದೆ. ಗ್ರೀಕರು ಹೇಳಿದ್ದು, ಅವರಿಂದ ಇಡೀ ಜಗತ್ತು ಕಲಿತದ್ದು, ಇದಕ್ಕೆ ಪೂರ್ತಿ ಉಲ್ಟಾ. ಅಲೆಕ್ಸಾಂಡರ್ ಎದುರಿಗೆ ನುಗ್ಗಿ ಬಂದ. ಪರ್ಷಿಯಾದ ದೊರೆ ಮೂರನೇ ಡೇರಿಯಸ್ ಹೆದರಿದ. ಎಲ್ಲರಿಗಿಂತ ಮೊದಲು ಅವನೇ ರಥ ತಿರುಗಿಸಿ ಓಡಿದ. ಸೈನಿಕರು ದೊರೆ ಓಡಿದ್ದನ್ನು ನೋಡಿ ಆಮೇಲೆ ಓಡಿದರು. ಇದು ಗ್ರೀಕ್ ಇತಿಹಾಸಕಾರ ಏರಿಯನ್ ಬರೆದಿಟ್ಟ ಕಥೆ. ಏರಿಯನ್ ಇದ್ದದ್ದು ಯುದ್ಧ ನಡೆದು ಸುಮಾರು 450 ವರ್ಷ ಆದ ಮೇಲೆ. ಅವನ ಕೈಯಲ್ಲಿ ಇದ್ದದ್ದು ಅಲೆಕ್ಸಾಂಡರನ ಜೊತೆಗಿದ್ದ ಟಾಲೆಮಿ ಮತ್ತು ಅರಿಸ್ಟೊಬುಲಸ್ ಬರೆದಿಟ್ಟ ನೆನಪುಗಳು. ಅಂದರೆ ಗೆದ್ದವರ ನೆನಪು. ಮಣ್ಣಿನ ಹಲಗೆಯ ಪಂಡಿತರು ಮಾತ್ರ ಬರೆದದ್ದು ಯುದ್ಧ ನಡೆದ ಕಾಲದಲ್ಲೇ. ಅವರಿಗೆ ಅಲೆಕ್ಸಾಂಡರನನ್ನು ಹೊಗಳಿ ಆಗಬೇಕಾದ್ದು ಏನೂ ಇರಲಿಲ್ಲ. ಡೇರಿಯಸ್‌ನನ್ನು ಕಾಪಾಡುವ ಅಗತ್ಯವೂ ಇರಲಿಲ್ಲ.

ಹಲಗೆಯ ಒಂದು ಸಾಲು ನಂಬಿ ಇಡೀ ಇತಿಹಾಸ ತಿರುಗಿಸಬೇಕು ಅಂತ ನಾನು ಹೇಳುತ್ತಿಲ್ಲ. ಬ್ಯಾಬಿಲೋನಿನಲ್ಲಿ ಕೂತವರಿಗೆ ದೂರದ ಬಯಲಿನ ಸುದ್ದಿ ಕೇಳಿ ಬಂದದ್ದೇ ಇರಬೇಕು. ಆದರೂ ಒಂದು ಸಾಮ್ರಾಜ್ಯ ಬಿದ್ದ ದಿನದ ಬಗ್ಗೆ ಸೋತವರ ಕಡೆಯಿಂದ ಬಂದಿರುವ ಮಾತು ಹೆಚ್ಚುಕಡಿಮೆ ಇಷ್ಟೇ. ಅದಕ್ಕೆ ಕಿವಿಗೊಡಬೇಕು ಅನ್ನಿಸುತ್ತದೆ.

ನಾವು ಶಾಲೆಯಲ್ಲಿ ಓದಿದ ಅಲೆಕ್ಸಾಂಡರ್ ಝೀಲಂ ನದಿ ದಂಡೆಯವನು. ಕ್ರಿ.ಪೂ. 326, ಪೋರಸ್, ಆನೆಗಳು, ಮಳೆಯಲ್ಲಿ ನದಿ ದಾಟಿದ್ದು. ಪಾಠ ಅಲ್ಲಿಂದಲೇ ಶುರು. ಅವನು ಅಲ್ಲಿಗೆ ಬರುವ ಮೊದಲು ಏನು ಉರುಳಿಸಿ ಬಂದ ಅನ್ನುವುದು ಒಂದು ವಾಕ್ಯದಲ್ಲಿ ಮುಗಿದು ಹೋಗುತ್ತದೆ. ಉರುಳಿದ್ದು ಸಣ್ಣದಲ್ಲ. ಸೈರಸ್ ಕಟ್ಟಿದ ಪರ್ಷಿಯಾದ ಅಕೀಮೆನಿಡ್ ಸಾಮ್ರಾಜ್ಯ 200 ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಈಜಿಪ್ಟಿನಿಂದ ಸಿಂಧೂ ನದಿಯ ತನಕ ಒಂದೇ ಆಡಳಿತ. ಗಾಂಧಾರ ಅದರ ಒಂದು ಪ್ರಾಂತ್ಯ. ಸಾರ್ಡಿಸ್‌ನಿಂದ ಸೂಸಾವರೆಗಿನ ರಾಜಮಾರ್ಗದಲ್ಲಿ 111 ತಂಗುದಾಣಗಳಿದ್ದವು, ನಡೆದು ಹೋದರೆ 90 ದಿನದ ದಾರಿ ಅಂತ ಹೆರೊಡೋಟಸ್ ಬರೆದಿದ್ದಾನೆ. ಅದರ ರಾಜಧಾನಿಗಳಲ್ಲಿ ಒಂದಾದ ಪರ್ಸೆಪೊಲಿಸ್‌ನಲ್ಲಿ ಅಗೆದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಯಾವ ಕೆಲಸಗಾರನಿಗೆ ಎಷ್ಟು ಬಾರ್ಲಿ, ಯಾವ ಪ್ರಯಾಣಿಕನಿಗೆ ಎಷ್ಟು ದ್ರಾಕ್ಷಾರಸ, ಬಾಣಂತಿಗೆ ಎಷ್ಟು ಹೆಚ್ಚುವರಿ ಪಡಿ, ಎಲ್ಲದಕ್ಕೂ ಲೆಕ್ಕ. ಲೆಕ್ಕಪತ್ರದಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ಆದರೆ ಗ್ರೀಕರ ಹಾಗೆ ಕೂತು ಯುದ್ಧದ ಕಥೆ ಬರೆಯುವ ಅಭ್ಯಾಸ ಇವರಲ್ಲಿ ಬೆಳೆಯಲಿಲ್ಲ. ಆಡಳಿತದ ದಿನನಿತ್ಯದ ಬರಹ ಬಹಳಷ್ಟು ಅರಾಮಿಕ್ ಭಾಷೆಯಲ್ಲಿ, ಚರ್ಮದ ಮೇಲೆ ನಡೆಯುತ್ತಿತ್ತು. ಚರ್ಮ ಕೊಳೆಯುತ್ತದೆ. ಹಾಗಾಗಿ ಇಷ್ಟು ದೊಡ್ಡ ರಾಜ್ಯ ತನ್ನ ಕೊನೆಯ ದಿನದ ಬಗ್ಗೆ ಮೂಕವಾಗಿದೆ.

ಡೇರಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 336ರಲ್ಲಿ. ಅಲೆಕ್ಸಾಂಡರನೂ ಅದೇ ವರ್ಷ ರಾಜನಾದ. ಡೇರಿಯಸ್ ನೇರ ವಾರಸುದಾರನಲ್ಲ. ಅರಮನೆಯಲ್ಲಿ ವಿಷ, ಕೊಲೆ ನಡೆದು ಸಿಂಹಾಸನ ಖಾಲಿಯಾದಾಗ ರಾಜವಂಶದ ಒಂದು ಕವಲಿನಿಂದ ಅವನನ್ನು ತಂದು ಕೂರಿಸಿದರು. ಅದಕ್ಕೂ ಮೊದಲು ಕಾದೂಸಿಯನ್ನರು ಎಂಬ ಬುಡಕಟ್ಟಿನ ಮೇಲಿನ ಯುದ್ಧದಲ್ಲಿ ಅವರ ವೀರನೊಬ್ಬ ಒಂಟಿ ಕಾಳಗಕ್ಕೆ ಸವಾಲು ಹಾಕಿದ್ದ. ಬೇರೆ ಯಾರೂ ಮುಂದೆ ಬರದಿದ್ದಾಗ ಇವನೇ ಹೋಗಿ ಅವನನ್ನು ಕೊಂದ. ಇದನ್ನು ಹೇಳುವವನು ಗ್ರೀಕ್ ಲೇಖಕ ಡಿಯೊಡೋರಸ್. ಹೇಡಿ ಅನ್ನುವ ಪಟ್ಟ ಹಚ್ಚುವ ಮೊದಲು ಈ ಮಾತನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಅಲ್ವಾ?

ಗೌಗಮೇಲಕ್ಕೆ ಎರಡು ವರ್ಷ ಮೊದಲು, ಕ್ರಿ.ಪೂ. 333ರಲ್ಲಿ, ಇಸ್ಸಸ್ ಎಂಬಲ್ಲಿ ಡೇರಿಯಸ್ ಸೋತಿದ್ದ. ಆ ಸೋಲು ಮನೆಯವರೆಗೂ ಬಂದಿತ್ತು. ತಾಯಿ ಸಿಸಿಗಾಂಬಿಸ್, ಹೆಂಡತಿ ಸ್ಟಾಟೈರಾ, ಮಕ್ಕಳು ಎಲ್ಲರೂ ಅಲೆಕ್ಸಾಂಡರನ ಕೈಗೆ ಸಿಕ್ಕರು. ಡೇರಿಯಸ್ ಸಂಧಿಗೆ ಪ್ರಯತ್ನಿಸಿದ. ಯೂಫ್ರೆಟಿಸ್‌ವರೆಗಿನ ನೆಲ, 10,000 ಟ್ಯಾಲೆಂಟ್ ಹಣ, ಮಗಳನ್ನು ಕೊಟ್ಟು ಮದುವೆ. ನಾನು ಅಲೆಕ್ಸಾಂಡರ್ ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಅಂದನಂತೆ ಹಿರಿಯ ಸೇನಾಪತಿ ಪಾರ್ಮೆನಿಯನ್. ನಾನು ಪಾರ್ಮೆನಿಯನ್ ಆಗಿದ್ದರೆ ನಾನೂ ಒಪ್ಪಿಕೊಳ್ಳುತ್ತಿದ್ದೆ ಅಂದನಂತೆ ಅಲೆಕ್ಸಾಂಡರ್. ಈ ಉತ್ತರವನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನನಗೆ ಮಾತ್ರ ಇದನ್ನು ಓದಿದಾಗೆಲ್ಲ ಆ ಕಡೆ ಉತ್ತರಕ್ಕೆ ಕಾಯುತ್ತಿದ್ದವನ ನೆನಪಾಗುತ್ತದೆ. ಸ್ಟಾಟೈರಾ ಸೆರೆಯಲ್ಲೇ ಸತ್ತಳು.

ಸಂಧಿ ಮುರಿದ ಮೇಲೆ ಡೇರಿಯಸ್ ಮಾಡಿದ ತಯಾರಿ ನೋಡಿದರೆ ಇಸ್ಸಸ್‌ನಿಂದ ಅವನು ಚೆನ್ನಾಗಿಯೇ ಪಾಠ ಕಲಿತಿದ್ದ ಅನ್ನುವುದು ಗೊತ್ತಾಗುತ್ತದೆ. ಇಸ್ಸಸ್‌ನಲ್ಲಿ ಬೆಟ್ಟ ಮತ್ತು ಸಮುದ್ರದ ನಡುವಿನ ಇಕ್ಕಟ್ಟಿನಲ್ಲಿ ಅವನ ಕುದುರೆ ಸೇನೆ ಸಿಕ್ಕಿಹಾಕಿಕೊಂಡಿತ್ತು. ಈ ಸಲ ವಿಶಾಲ ಬಯಲು ಆರಿಸಿದ. ಉಬ್ಬುತಗ್ಗು ಇದ್ದಲ್ಲಿ ಮಣ್ಣು ತೆಗೆಸಿ ಸಮ ಮಾಡಿಸಿದ. ಚಕ್ರಕ್ಕೆ ಕುಡುಗೋಲು ಕಟ್ಟಿದ 200 ರಥಗಳು ಎಡವದೆ ಓಡಲಿ ಅಂತ. ಮ್ಯಾಸಿಡೋನಿಯನ್ನರ, ಅಂದರೆ ಅಲೆಕ್ಸಾಂಡರನ ಕಡೆಯವರ, ಉದ್ದ ಈಟಿಗಳಿಗೆ ಎದುರಾಗಿ ತನ್ನವರಿಗೂ ಹಿಂದಿಗಿಂತ ಉದ್ದದ ಕತ್ತಿ, ಈಟಿ ಮಾಡಿಸಿದ. ಪ್ರತಿದಿನ ಕವಾಯತು ಮಾಡಿಸಿದ. ಡಿಯೊಡೋರಸ್ ಇನ್ನೊಂದು ಮಾತು ಹೇಳುತ್ತಾನೆ. ಡೇರಿಯಸ್‌ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿದ್ದದ್ದು ಭಾಷೆಯ ಚಿಂತೆ. ಇಷ್ಟೊಂದು ದೇಶದ ಜನ, ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಯುದ್ಧದ ಗದ್ದಲದಲ್ಲಿ ಗೊಂದಲವಾದರೆ ಏನು ಗತಿ?

ಈ ಚಿಂತೆಯೇ ಅವನು ಎಂಥವನು ಅಂತ ತೋರಿಸುತ್ತದೆ. ತನ್ನ ಸೇನೆಯ ದುರ್ಬಲ ಜಾಗ ಎಲ್ಲಿದೆ ಅಂತ ಅವನಿಗೆ ಮುಂಚೆಯೇ ಗೊತ್ತಿತ್ತು. ಬ್ಯಾಕ್ಟ್ರಿಯನ್ನರು, ಸೋಗ್ಡಿಯನ್ನರು, ಶಕರು, ಪಾರ್ಥಿಯನ್ನರು, ಮೀಡರು, ಅರ್ಮೇನಿಯನ್ನರು, ಸಿರಿಯನ್ನರು, ಬ್ಯಾಬಿಲೋನಿಯನ್ನರು ಎಲ್ಲ ಬಂದಿದ್ದರು. ಭಾರತೀಯರೂ ಇದ್ದರು. ಬ್ಯಾಕ್ಟ್ರಿಯಾ (ಇವತ್ತಿನ ಉತ್ತರ ಅಫ್ಘಾನಿಸ್ತಾನದ ಸುತ್ತಮುತ್ತ) ಗಡಿಯ ಭಾರತೀಯರು ಬೆಸ್ಸಸ್ ಎಂಬ ಕ್ಷತ್ರಪನ, ಅಂದರೆ ಪ್ರಾಂತ್ಯಾಧಿಕಾರಿಯ, ಕೈಕೆಳಗೆ ಬಂದಿದ್ದರು. ಗುಡ್ಡಗಾಡಿನ ಭಾರತೀಯರು ಅರಾಕೋಸಿಯಾದ ಕ್ಷತ್ರಪ ಬಾರ್ಸೆಂಟೆಸ್ ಜೊತೆ ಬಂದಿದ್ದರು. ಸಿಂಧೂ ನದಿಯ ಪಶ್ಚಿಮ ದಡದ ಭಾರತೀಯರು ಸುಮಾರು 15 ಆನೆಗಳನ್ನು ತಂದಿದ್ದರು. ಅಂದರೆ ಝೀಲಂಗೆ ಐದು ವರ್ಷ ಮೊದಲೇ ನಮ್ಮ ಕಡೆಯ ಜನ ಅಲೆಕ್ಸಾಂಡರನ ಎದುರು ನಿಂತಿದ್ದರು. ಈ ವಿಷಯ ನಮ್ಮ ಪಾಠದಲ್ಲಿ ಯಾಕಿಲ್ಲವೋ.

ಒಟ್ಟು ಎಷ್ಟು ಜನ? ಹತ್ತು ಲಕ್ಷ ಕಾಲಾಳು, 40,000 ಕುದುರೆ ಸವಾರರು ಅನ್ನುತ್ತಾನೆ ಏರಿಯನ್. ಅದನ್ನು ಇವತ್ತು ಯಾವ ಇತಿಹಾಸಕಾರನೂ ಒಪ್ಪುವುದಿಲ್ಲ. ಅಷ್ಟು ಜನಕ್ಕೆ, ಅವರ ಪ್ರಾಣಿಗಳಿಗೆ ಆ ಬಯಲಿನಲ್ಲಿ ನೀರು, ಕಾಳು, ಮೇವು ಒದಗಿಸುವುದೇ ಆಗದ ಮಾತು. ಎದುರಾಳಿಗಿಂತ ಅವನ ಸೇನೆ ದೊಡ್ಡದಿತ್ತು, ಕುದುರೆ ಸೇನೆಯಂತೂ ಬಹಳ ದೊಡ್ಡದಿತ್ತು ಅನ್ನುವಷ್ಟು ನಂಬಬಹುದು. ಅಲೆಕ್ಸಾಂಡರನ ಬಳಿ ಇದ್ದವರು 40,000 ಕಾಲಾಳು, 7,000 ಕುದುರೆ ಸವಾರರು. ಸೋತವರ ಸಂಖ್ಯೆ ಉಬ್ಬಿಸಿದಷ್ಟೂ ಗೆದ್ದವನ ಎತ್ತರ ಹೆಚ್ಚುತ್ತದೆ. ಸತ್ತವರ ಲೆಕ್ಕದಲ್ಲೂ ಇದೇ ಕಥೆ. ಪರ್ಷಿಯನ್ನರ ಕಡೆ ಮೂರು ಲಕ್ಷ ಜನ ಸತ್ತರಂತೆ, ಅಲೆಕ್ಸಾಂಡರನ ಕಡೆ ಸುಮಾರು 100.

ಯುದ್ಧ ನಡೆದ ಜಾಗ ಇವತ್ತಿನ ಉತ್ತರ ಇರಾಕಿನಲ್ಲಿ, ಮೊಸೂಲ್ ಮತ್ತು ಎರ್ಬಿಲ್ ನಡುವೆ ಇದೆ. ತೆಲ್ ಗೋಮೆಲ್ ಎಂಬ ದಿಬ್ಬದ ಆಸುಪಾಸು ಇರಬೇಕು ಅಂತ ಬಹಳ ಜನರ ಅಭಿಪ್ರಾಯ. ಅಲೆಕ್ಸಾಂಡರ್ ಅಲ್ಲಿಗೆ ಬರಬೇಕು ಅನ್ನುವುದೂ ಡೇರಿಯಸ್‌ನ ಯೋಜನೆಯ ಭಾಗವೇ. ಯೂಫ್ರೆಟಿಸ್ ದಾಟುವ ಕಡೆ ಅವನ ಸೇನಾಪತಿ ಮಜಾಯಸ್ ಸುಮಾರು 3,000 ಸವಾರರೊಂದಿಗೆ ಕಾಯುತ್ತಿದ್ದ. ಮಜಾಯಸ್ ಹಿಂದೆ ಸರಿಯುತ್ತಾ ದಾರಿಯಲ್ಲಿ ಬೆಳೆ, ಮೇವು ಸುಟ್ಟ. ನದಿಯ ಗುಂಟ ನೇರ ಬ್ಯಾಬಿಲೋನಿಗೆ ಹೋದರೆ ಸೇನೆಗೆ ಅನ್ನ ಸಿಗುವುದಿಲ್ಲ. ಅಲೆಕ್ಸಾಂಡರ್ ಉತ್ತರದ ದಾರಿ ಹಿಡಿದ, ಟೈಗ್ರಿಸ್ ದಾಟಿದ. ಟೈಗ್ರಿಸ್ ದಡದಲ್ಲಿ ಅವನನ್ನು ತಡೆಯಲು ಯಾರೂ ಇರಲಿಲ್ಲ. ಅಲ್ಲಿ ಗಟ್ಟಿಯಾಗಿ ತಡೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸದೆ ಇರಲು ನನಗೆ ಆಗುವುದಿಲ್ಲ. ನದಿಯ ಸೆಳೆತ ಜೋರಾಗಿತ್ತು, ಕಾಲಾಳುಗಳು ಕಷ್ಟಪಟ್ಟು ದಾಟಿದರು.

ಗ್ರಹಣ ಹಿಡಿದದ್ದು ಇದಾದ ಸ್ವಲ್ಪದರಲ್ಲೇ, ಸೆಪ್ಟೆಂಬರ್ 20ರ ರಾತ್ರಿ. ಅದು ಎರಡೂ ಪಾಳೆಯಕ್ಕೆ ಕಂಡಿತು. ಅಲೆಕ್ಸಾಂಡರ್ ಚಂದ್ರ, ಸೂರ್ಯ, ಭೂಮಿಗೆ ಬಲಿ ಕೊಟ್ಟ. ಇದು ನಮಗೆ ಶುಭ ಅಂತ ಅವನ ಜ್ಯೋತಿಷಿ ಅರಿಸ್ಟಾಂಡರ್ ಹೇಳಿದ. ಆದರೆ ಗ್ರಹಣದ ಫಲ ಹೇಳುವುದರಲ್ಲಿ ಬ್ಯಾಬಿಲೋನಿನವರಷ್ಟು ತಿಳಿದವರು ಆ ಕಾಲದಲ್ಲಿ ಇರಲಿಲ್ಲ. ಅವರ ಶಾಸ್ತ್ರದಲ್ಲಿ ಚಂದ್ರಗ್ರಹಣ ರಾಜನಿಗೆ ಕೇಡು. ಗುರು ಗ್ರಹ ಕಾಣುತ್ತಿದ್ದರೆ ರಾಜನಿಗೆ ರಕ್ಷಣೆ. ಆ ರಾತ್ರಿ ಗುರು ಇರಲಿಲ್ಲ. ಡೇರಿಯಸ್‌ನ ದಂಡಿನಲ್ಲಿ ಬ್ಯಾಬಿಲೋನಿನ ಜನ ಇದ್ದರು. ಅವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗ್ರಹಣದಿಂದ ಯುದ್ಧದವರೆಗೆ ಹನ್ನೊಂದು ದಿನ. ಅಷ್ಟು ದಿನ ಒಂದು ಸೇನೆ ತನ್ನ ದೊರೆಗೆ ಕೇಡು ಕಾದಿದೆ ಅಂತ ನಂಬಿಕೊಂಡು ಬಯಲಲ್ಲಿ ಕೂತಿದ್ದರೆ ಅದರ ಮನಸ್ಸು ಹೇಗಿದ್ದೀತು? ಸೈನಿಕರು ರಾಜನನ್ನು ಬಿಟ್ಟರು ಅನ್ನುವ ಹಲಗೆಯ ಮಾತನ್ನು ನಾನು ಇದರ ಜೊತೆ ಸೇರಿಸಿ ಓದುತ್ತೇನೆ.

ಯುದ್ಧದ ಹಿಂದಿನ ರಾತ್ರಿ ಪಾರ್ಮೆನಿಯನ್ ರಾತ್ರಿಯೇ ದಾಳಿ ಮಾಡೋಣ ಅಂದ. ಗೆಲುವನ್ನು ಕದಿಯುವುದಿಲ್ಲ ಅಂದ ಅಲೆಕ್ಸಾಂಡರ್. ಹೋಗಿ ಮಲಗಿದ, ಬೆಳಗ್ಗೆ ಎಬ್ಬಿಸಬೇಕಾಯಿತು. ಆ ಕಡೆ ಡೇರಿಯಸ್ ರಾತ್ರಿ ದಾಳಿ ಬಂದೀತು ಅಂತ ಇಡೀ ಸೇನೆಯನ್ನು ಆಯುಧ ಹಿಡಿದು ನಿಲ್ಲಿಸಿದ್ದ. ಪಾಳೆಯದ ಸುತ್ತ ಕೋಟೆ, ಕಂದಕ ಇರಲಿಲ್ಲ. ಹಾಗಾಗಿ ಎಚ್ಚರ ಇರಲೇಬೇಕಿತ್ತು. ಆದರೆ ನಿದ್ದೆಗೆಟ್ಟ ಸಾವಿರಾರು ಜನ ಬೆಳಗ್ಗೆ ಅದೇ ಸಾಲಿನಲ್ಲಿ ನಿಂತೇ ಯುದ್ಧಕ್ಕೆ ಇಳಿದರು. ಪರ್ಷಿಯನ್ನರನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಇದೇ ಅನ್ನುತ್ತಾನೆ ಏರಿಯನ್. ಅವನ ಈ ಮಾತು ನನಗೆ ಪೂರ್ತಿ ಒಪ್ಪಿಗೆ.

1 ಅಕ್ಟೋಬರ್, ಹಲಗೆಯ ಲೆಕ್ಕದಲ್ಲಿ ಉಲೂಲು 24, ಬೆಳಗ್ಗೆ. ಪರ್ಷಿಯನ್ ಸಾಲಿನ ನಡುವೆ ಡೇರಿಯಸ್ ಇದ್ದ. ಅವನ ಎಡಕ್ಕೆ ಬೆಸ್ಸಸ್, ಬಲಕ್ಕೆ ಮಜಾಯಸ್. ಯಾರು ಎಲ್ಲಿ ನಿಂತರು ಅಂತ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ ಇದೆ. ಡೇರಿಯಸ್ ತನ್ನ ಸೇನೆ ನಿಲ್ಲುವ ಕ್ರಮವನ್ನು ಬರೆಸಿ ಇಟ್ಟಿದ್ದ. ಆ ಬರಹ ಯುದ್ಧದ ನಂತರ ಗ್ರೀಕರ ಕೈಗೆ ಸಿಕ್ಕಿತು ಅಂತ ಅರಿಸ್ಟೊಬುಲಸ್ ಹೇಳಿದ್ದನ್ನು ಏರಿಯನ್ ಉಳಿಸಿದ್ದಾನೆ. ಪರ್ಷಿಯನ್ ಗುಮಾಸ್ತನೊಬ್ಬ ಬರೆದ ಪಟ್ಟಿ ಅದು. ಗೆದ್ದವರ ಪುಸ್ತಕದೊಳಗೆ ಸೇರಿಕೊಂಡು ಇವತ್ತಿಗೂ ಬದುಕಿದೆ. ಏರಿಯನ್‌ನ ಇಡೀ ಯುದ್ಧವರ್ಣನೆಯಲ್ಲಿ ನಾನು ಮತ್ತೆ ಮತ್ತೆ ಓದುವುದು ಆ ಪಟ್ಟಿಯನ್ನೇ.

ಅಲೆಕ್ಸಾಂಡರ್ ನೇರ ನುಗ್ಗಲಿಲ್ಲ. ತನ್ನ ಇಡೀ ಸೇನೆಯನ್ನು ಓರೆಯಾಗಿ ಬಲಕ್ಕೆ, ಬಲಕ್ಕೆ ಸರಿಸುತ್ತಾ ಹೋದ. ಇನ್ನು ಸ್ವಲ್ಪ ಹೋದರೆ ಡೇರಿಯಸ್ ಸಮ ಮಾಡಿಸಿದ ನೆಲ ಮುಗಿದು ರಥಗಳೆಲ್ಲ ವ್ಯರ್ಥ. ಅದನ್ನು ತಡೆಯಲು ಡೇರಿಯಸ್ ತನ್ನ ಎಡಗಡೆಯ ಕುದುರೆ ಸೇನೆಗೆ ಸುತ್ತುಹಾಕಿ ಅಡ್ಡ ಹೋಗಲು ಹೇಳಿದ. ಆಗ ಮೊದಲ ಹೊಡೆದಾಟ ಶುರುವಾಯಿತು. ಶಕರು, ಬ್ಯಾಕ್ಟ್ರಿಯನ್ನರು ಅಲೆಕ್ಸಾಂಡರನ ಸವಾರರನ್ನು ಚೆನ್ನಾಗಿಯೇ ಬಡಿದರು. ರಥಗಳು ಓಡಿ ಬಂದವು. ಅಗ್ರಿಯಾನಿಯನ್ನರು ಎಂಬ ಈಟಿ ಎಸೆಯುವವರು ಕುದುರೆಗಳನ್ನು ದೂರದಿಂದಲೇ ಹೊಡೆದರು, ಕಡಿವಾಣ ಹಿಡಿದು ಸಾರಥಿಗಳನ್ನು ಕೆಳಗೆಳೆದರು. ಉಳಿದ ರಥಗಳಿಗೆ ಕಾಲಾಳುಗಳು ಸಾಲು ಬಿಡಿಸಿ ದಾರಿ ಕೊಟ್ಟರು. ಅವು ಸುಮ್ನೆ ಹಾದು ಹೋದವು. ತಿಂಗಳುಗಟ್ಟಲೆ ತಯಾರಿ ಮಾಡಿ, ನೆಲ ಸಮ ಮಾಡಿಸಿ ಕೂಡಿಸಿದ್ದ ಅಸ್ತ್ರ ನೋಡುನೋಡುತ್ತಲೇ ಕೈಬಿಟ್ಟಿತು.

ಅಷ್ಟರಲ್ಲಿ ಪರ್ಷಿಯನ್ ಸಾಲಿನಲ್ಲಿ ಒಂದು ಬಿರುಕು ಬಿಟ್ಟಿತು. ಎಡಗಡೆಯವರು ಅಲೆಕ್ಸಾಂಡರನನ್ನು ತಡೆಯಲು ಸರಿದಷ್ಟೂ ನಡುವೆ ಜಾಗ ಖಾಲಿಯಾಯಿತು. ಅಲೆಕ್ಸಾಂಡರ್ ಕಾಯುತ್ತಿದ್ದದ್ದು ಇದಕ್ಕೇ. ತನ್ನ ಆಪ್ತ ಕುದುರೆ ದಳವನ್ನು ಈಟಿಯ ಮೊನೆಯ ಹಾಗೆ ಜೋಡಿಸಿಕೊಂಡು ಆ ಬಿರುಕಿನೊಳಗೆ, ನೇರ ಡೇರಿಯಸ್‌ನ ಕಡೆಗೆ ನುಗ್ಗಿದ.

ಇಲ್ಲಿಂದ ಮುಂದೆ ಗ್ರೀಕ್, ಲ್ಯಾಟಿನ್ ಲೇಖಕರಲ್ಲೇ ಒಮ್ಮತ ಇಲ್ಲ. ಡೇರಿಯಸ್ ಮೊದಲೇ ಹೆದರಿದ್ದ, ತಕ್ಷಣ ಓಡಿದ ಅನ್ನುತ್ತಾನೆ ಏರಿಯನ್. ಡಿಯೊಡೋರಸ್ ಮತ್ತು ರೋಮಿನ ಲೇಖಕ ಕರ್ಟಿಯಸ್ ಬೇರೆ ಹೇಳುತ್ತಾರೆ. ಡೇರಿಯಸ್ ರಥದ ಮೇಲಿಂದ ತಾನೂ ಆಯುಧ ಎಸೆಯುತ್ತಾ ಹೋರಾಡುತ್ತಿದ್ದ. ಒಂದು ಈಟಿ ಅವನ ಸಾರಥಿಗೆ ತಾಗಿತು, ಸಾರಥಿ ಬಿದ್ದ. ಸುತ್ತ ಇದ್ದವರು ದೊರೆಯೇ ಸತ್ತ ಅಂತ ಕೂಗಿದರು. ಆ ಕೂಗು ಸಾಲಿನಿಂದ ಸಾಲಿಗೆ ಹರಡಿತು, ಸೇನೆ ಚದುರತೊಡಗಿತು. ಪಕ್ಕದವರು ಬಿಟ್ಟು ಹೋಗಿ ತನ್ನ ಮಗ್ಗುಲು ಬರಿದಾದ ಮೇಲೆ ಡೇರಿಯಸ್ ಹೊರಟ. ಈ ಕ್ರಮ ಗಮನಿಸಿ. ಮೊದಲು ಸೈನಿಕರು, ಆಮೇಲೆ ರಾಜ. ಬ್ಯಾಬಿಲೋನಿನ ಹಲಗೆ ಹೇಳುವುದೂ ಇದನ್ನೇ. ಒಬ್ಬರನ್ನೊಬ್ಬರು ಓದಿರಲು ಸಾಧ್ಯವೇ ಇಲ್ಲದ ಎರಡು ಕಡೆಯ ಬರಹಗಳು ಒಂದೇ ಕ್ರಮ ಹೇಳಿದರೆ ನಾನು ಆ ಕಡೆ ವಾಲುತ್ತೇನೆ.

ಪಾಂಪೆಯಲ್ಲಿ 1831ರಲ್ಲಿ ಸಿಕ್ಕಿದ ಪ್ರಸಿದ್ಧ ಮೊಸಾಯಿಕ್ ಚಿತ್ರ ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಅದು ಇಸ್ಸಸ್ ಯುದ್ಧವೋ ಗೌಗಮೇಲವೋ ಅನ್ನುವ ಚರ್ಚೆ ಮುಗಿದಿಲ್ಲ. ಚಿತ್ರದಲ್ಲಿ ಸಾರಥಿ ಕುದುರೆಗಳನ್ನು ತಿರುಗಿಸಿ ಚಾವಟಿ ಬೀಸುತ್ತಿದ್ದಾನೆ. ಡೇರಿಯಸ್ ಮಾತ್ರ ರಥದಿಂದ ಮುಂದಕ್ಕೆ ಬಾಗಿ, ತನ್ನ ಎದುರು ಈಟಿ ನೆಟ್ಟು ಬೀಳುತ್ತಿರುವ ಪರ್ಷಿಯನ್ ಸವಾರನ ಕಡೆಗೆ ಕೈ ಚಾಚಿದ್ದಾನೆ. ಗೆದ್ದವರ ಕಡೆಯ ಚಿತ್ರಗಾರನಿಗೂ ಅವನು ಹೇಡಿಯಾಗಿ ಕಾಣಲಿಲ್ಲ.

ಯುದ್ಧ ಅಲ್ಲಿಗೆ ಮುಗಿದಿರಲೂ ಇಲ್ಲ. ಪರ್ಷಿಯನ್ನರ ಬಲಗಡೆ ಮಜಾಯಸ್ ಪಾರ್ಮೆನಿಯನ್‌ನನ್ನು ಉಸಿರು ಕಟ್ಟಿಸಿದ್ದ. ಭಾರತೀಯ ಮತ್ತು ಪರ್ಷಿಯನ್ ಸವಾರರ ಒಂದು ತುಕಡಿ ಮ್ಯಾಸಿಡೋನಿಯನ್ ಸಾಲನ್ನು ಸೀಳಿ ಹಿಂದಿನ ಪಾಳೆಯದ ತನಕ ಹೋಯಿತು. ಅಲ್ಲಿದ್ದ ಪರ್ಷಿಯನ್ ಸೆರೆಯಾಳುಗಳು ಬಿಡುಗಡೆಯಾಯಿತು ಅಂತ ಇವರ ಜೊತೆ ಸೇರಿಕೊಂಡರು. ಆ ಗದ್ದಲದಲ್ಲೂ ಸಿಸಿಗಾಂಬಿಸ್ ಮುಖದ ಬಣ್ಣ ಬದಲಾಗಲಿಲ್ಲ, ಕೂತಲ್ಲಿಂದ ಅಲುಗಲಿಲ್ಲ ಅಂತ ಕರ್ಟಿಯಸ್ ಬರೆಯುತ್ತಾನೆ. ಆ ತುಕಡಿ ಪಾಳೆಯಕ್ಕೆ ಹೋಗುವ ಬದಲು ತಿರುಗಿ ಪಾರ್ಮೆನಿಯನ್‌ನ ಬೆನ್ನಿಗೆ ಬಿದ್ದಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತು. ದೊರೆಯ ಮನೆಯವರನ್ನು ಬಿಡಿಸುವ ಆಸೆಯೋ, ಲೂಟಿಯ ಆಸೆಯೋ, ಅಲ್ಲಿ ಆಜ್ಞೆ ಕೊಡುವವರೇ ಇರಲಿಲ್ಲವೋ. ನನಗೆ ಕೊನೆಯದೇ ನಿಜ ಅನ್ನಿಸುತ್ತದೆ. ಎಲ್ಲ ಆಜ್ಞೆಯೂ ನಡುವೆ ನಿಂತ ಒಬ್ಬನಿಂದ ಬರುವ ಸೇನೆ ಅದು. ಆ ನಡುಭಾಗ ಕುಸಿದ ಮೇಲೆ ಅಂಚಿನಲ್ಲಿ ಗೆಲ್ಲುತ್ತಿದ್ದವರಿಗೂ ಮುಂದೇನು ಮಾಡಬೇಕು ಅಂತ ಹೇಳುವವರಿಲ್ಲ. ವಾಪಸ್ ಬರುತ್ತಿದ್ದ ಪಾರ್ಥಿಯನ್, ಭಾರತೀಯ, ಪರ್ಷಿಯನ್ ಸವಾರರಿಗೆ ಅಲೆಕ್ಸಾಂಡರ್ ಎದುರಾದ. ಇಡೀ ದಿನದ ಭೀಕರ ಕಾಳಗ ನಡೆದದ್ದು ಅಲ್ಲೇ. ಅವನ ಆಪ್ತ ದಳದ ಸುಮಾರು 60 ಜನ ಸತ್ತರು, ಗೆಳೆಯ ಹೆಫೆಸ್ಟಿಯನ್‌ಗೆ ಗಾಯವಾಯಿತು.

ಡೇರಿಯಸ್ ಪೂರ್ವದ ಬೆಟ್ಟಗಳ ದಾರಿ ಹಿಡಿದು ಎಕ್ಬತಾನ ನಗರಕ್ಕೆ ಹೋದ. ಹೆದರಿ ದಿಕ್ಕೆಟ್ಟು ಹೋಗಿದ್ದಲ್ಲ. ಗೆದ್ದವನು ಸೀದಾ ಬ್ಯಾಬಿಲೋನ್, ಸೂಸಾ ಕಡೆ ಹೋಗುತ್ತಾನೆ, ಸಂಪತ್ತು ಇರುವುದು ಅಲ್ಲಿ, ದಾರಿ ಸುಲಭ ಇರುವುದೂ ಅಲ್ಲಿಗೆ, ಅಷ್ಟರಲ್ಲಿ ಇನ್ನೊಂದು ಸೇನೆ ಕಟ್ಟಬಹುದು ಅನ್ನುವ ಲೆಕ್ಕ ಅವನದು. ಈ ಲೆಕ್ಕವನ್ನು ಏರಿಯನ್ನೇ ವಿವರಿಸುತ್ತಾನೆ. ಆ ವ್ಯವಸ್ಥೆಯಲ್ಲಿ ರಾಜ ಬದುಕಿದ್ದರೆ ರಾಜ್ಯ ಬದುಕಿದೆ ಅಂತ ಅರ್ಥ. ರಣರಂಗದಲ್ಲಿ ಸಾಯುವುದು ಅವನ ಕರ್ತವ್ಯ ಆಗಿರಲಿಲ್ಲ.

ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ. ಯುದ್ಧದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೋರಾಡಿದ ಮಜಾಯಸ್ ಬ್ಯಾಬಿಲೋನಿಗೆ ಹೋಗಿ, ಅಲೆಕ್ಸಾಂಡರ್ ಬಂದಾಗ ನಗರವನ್ನು ಒಪ್ಪಿಸಿದ. ಅಲೆಕ್ಸಾಂಡರ್ ಅವನನ್ನೇ ಬ್ಯಾಬಿಲೋನಿನ ಕ್ಷತ್ರಪನಾಗಿ ನೇಮಿಸಿದ. ಅದೇ ಮಣ್ಣಿನ ಹಲಗೆಯ ಮುಂದಿನ ತಿಂಗಳ ಭಾಗದಲ್ಲಿ ನಗರದವರಿಗೆ ಸಿಕ್ಕ ಭರವಸೆ ದಾಖಲಾಗಿದೆ: ನಿಮ್ಮ ಮನೆಗಳೊಳಗೆ ನಾನು ನುಗ್ಗುವುದಿಲ್ಲ. ಸೂಸಾ ಕೂಡ ತಾನಾಗಿಯೇ ಬಾಗಿಲು ತೆರೆಯಿತು. ಕ್ರಿ.ಪೂ. 330ರಲ್ಲಿ ಪರ್ಸೆಪೊಲಿಸ್ ಸುಟ್ಟು ಹೋಯಿತು. ಗೌಗಮೇಲ ನಿರ್ಣಾಯಕವಾದದ್ದು ಅಲ್ಲಿ ಎಷ್ಟು ಜನ ಸತ್ತರು ಅನ್ನುವುದರಿಂದಲ್ಲ. ಆ ದಿನದ ನಂತರ ಪ್ರತಿಯೊಬ್ಬ ಕ್ಷತ್ರಪನೂ ಯಾರ ಜೊತೆ ಇರುವುದು ಒಳ್ಳೆಯದು ಅಂತ ಹೊಸದಾಗಿ ಯೋಚಿಸಿದ. ಬೆಸ್ಸಸ್ ಕೂಡ ಯೋಚಿಸಿದ. 330ರ ಬೇಸಿಗೆಯಲ್ಲಿ ಅವನು, ಬಾರ್ಸೆಂಟೆಸ್ ಮತ್ತು ಇನ್ನು ಕೆಲವರು ಸೇರಿ ಡೇರಿಯಸ್‌ನನ್ನು ಬಂಧಿಸಿದರು. ಅಲೆಕ್ಸಾಂಡರ್ ಹತ್ತಿರ ಬಂದಾಗ ದೊರೆಯನ್ನು ಇರಿದು ಹೋದರು. ಅಲೆಕ್ಸಾಂಡರ್ ಶವವನ್ನು ರಾಜಮರ್ಯಾದೆಯಿಂದ ಹೂಳಿಸಲು ಕಳಿಸಿಕೊಟ್ಟ. ಬಾರ್ಸೆಂಟೆಸ್ ಸಿಂಧೂ ನದಿಯ ಕಡೆಯ ಭಾರತೀಯರ ಬಳಿ ಓಡಿ ಬಂದ. ಅವರು ಅವನನ್ನು ಹಿಡಿದು ಅಲೆಕ್ಸಾಂಡರನಿಗೆ ಒಪ್ಪಿಸಿದರು. ದೊರೆಗೆ ದ್ರೋಹ ಮಾಡಿದ್ದಕ್ಕೆ ಅವನಿಗೆ ಮರಣದಂಡನೆ ಆಯಿತು.

ಬೆಸ್ಸಸ್ ಬ್ಯಾಕ್ಟ್ರಿಯಾದಲ್ಲಿ ಅರ್ಟಾಕ್ಸರ್ಕ್ಸಿಸ್ ಅಂತ ಹೆಸರು ಇಟ್ಟುಕೊಂಡು ತಾನೇ ರಾಜ ಅಂದ. ಇದು ಬಹಳ ಕಾಲ ಗ್ರೀಕರು ಹೇಳಿದ ಮಾತಾಗಿ ಮಾತ್ರ ಇತ್ತು. ಆದರೆ ಬ್ಯಾಕ್ಟ್ರಿಯಾದಿಂದ ಬಂದ ಅರಾಮಿಕ್ ಪತ್ರಗಳ ಒಂದು ಕಟ್ಟು ಪ್ರಾಚ್ಯವಸ್ತುಗಳ ಮಾರುಕಟ್ಟೆಗೆ ಬಂತು. 2012ರಲ್ಲಿ ಅವು ಪ್ರಕಟವಾದವು. ಹೆಚ್ಚಿನವು ಚರ್ಮದ ಮೇಲಿನ ಬರಹ, ಕೆಲವು ಮರದ ಕಡ್ಡಿಗಳ ಮೇಲೆ. ಕ್ರಿ.ಪೂ. 353ರಿಂದ 324ರವರೆಗಿನವು. ಒಂದರಲ್ಲಿ ಕ್ಷತ್ರಪ ತನ್ನ ಕೆಳಗಿನ ಅಧಿಕಾರಿಗೆ ಬರೆಯುತ್ತಾನೆ: ಮಿಡತೆ ಬಂದಿದೆ, ಗೋಡೆ ಕಟ್ಟುತ್ತಿರುವವರನ್ನು ಬಿಡು. ಇನ್ನೊಂದು ಪ್ರಯಾಣಕ್ಕೆ ಒದಗಿಸಿದ ಆಹಾರದ ಪಟ್ಟಿ. ಪ್ರಯಾಣ ಹೊರಟವನ ಹೆಸರು ಬಯಸ. ತಾರೀಕು ಅರ್ಟಾಕ್ಸರ್ಕ್ಸಿಸ್ ರಾಜನ 1ನೇ ವರ್ಷ. ಇವನು ಬೆಸ್ಸಸ್‌ನೇ, ಕ್ರಿ.ಪೂ. 330ರ ಚಳಿಗಾಲ ಇದು ಅಂತ ಪ್ರಕಟಿಸಿದ ವಿದ್ವಾಂಸರ ಅಭಿಪ್ರಾಯ. ಮತ್ತೊಂದು ಪಟ್ಟಿ ಅಲೆಕ್ಸಾಂಡರ್ ರಾಜನ 7ನೇ ವರ್ಷದ್ದು. ಅದೇ ಭಾಷೆ, ಅದೇ ಲೆಕ್ಕದ ರೀತಿ. ಮೇಲೆ ಬರೆಯುವ ರಾಜನ ಹೆಸರು ಬದಲಾಗಿದೆ, ಅಷ್ಟೇ. ಡೇರಿಯಸ್‌ನ ರಾಜ್ಯ ಬಿದ್ದಿತ್ತು. ಅದರ ಗುಮಾಸ್ತರು ಕೆಲಸ ನಿಲ್ಲಿಸಿರಲಿಲ್ಲ.

ಆ ಗುಮಾಸ್ತರ ಕೈ ಕರ್ನಾಟಕದವರೆಗೂ ಬಂದಿದೆ. ಅರಾಮಿಕ್ ಬರೆಯುತ್ತಿದ್ದ ಗಾಂಧಾರದಲ್ಲಿ ಅದರಿಂದಲೇ ಖರೋಷ್ಠಿ ಲಿಪಿ ಹುಟ್ಟಿತು. ಅದೂ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಯುದ್ಧ ನಡೆದು ಸುಮಾರು 70 ವರ್ಷದ ನಂತರ ಅಶೋಕನ ಶಾಸನಗಳನ್ನು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಕೆತ್ತಿದರು. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಪತ್ತೆ ಮಾಡಿದರು. ಶಾಸನ ಇರುವುದು ಬ್ರಾಹ್ಮಿಯಲ್ಲಿ. ಕೊನೆಯಲ್ಲಿ ಬರೆದವನ ಹೆಸರು ಇದೆ, ಚಪಡ. ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಲ್ಲಿನ ಊರವರಿಗೆ ಆ ಅಕ್ಷರ ಓದಲು ಬಂದಿರಲಾರದು. ಅವನು ವಾಯವ್ಯದಿಂದ ಬಂದವನೋ, ಅಲ್ಲಿ ಕಲಿತವನೋ, ಅಂತೂ ಆ ಪರಂಪರೆಯಲ್ಲಿ ಪಳಗಿದವನು.

ಬ್ಯಾಕ್ಟ್ರಿಯಾದ ಒಣ ಹವೆಯಲ್ಲಿ ಚರ್ಮದ ಪತ್ರಗಳು ಉಳಿದವು ಅಂದರೆ ಬೇರೆ ಕಡೆಯೂ ಉಳಿದಿರಬಹುದು ಅನ್ನುವ ಆಸೆ ನನ್ನದು. ಎಕ್ಬತಾನ ಅಂದರೆ ಇವತ್ತಿನ ಇರಾನಿನ ಹಮದಾನ್. ಹಳೆಯ ನಗರದ ಮೇಲೆ ಹೊಸ ನಗರ ಕೂತಿದೆ. ಗೌಗಮೇಲದ ನಂತರ ಡೇರಿಯಸ್ ಅಲ್ಲಿ ಸುಮಾರು ಎಂಟು ತಿಂಗಳು ಇದ್ದ. ಅಷ್ಟೂ ದಿನ ಪ್ರಾಂತ್ಯಗಳಿಗೆ, ಬುಡಕಟ್ಟುಗಳಿಗೆ ಸೈನ್ಯ ಕಳಿಸಿ ಅಂತ ಕೇಳಿಕೊಂಡ. ಶಕರಿಂದಲೂ ಕಾದೂಸಿಯನ್ನರಿಂದಲೂ ಅವನು ನೆರವು ನಿರೀಕ್ಷಿಸುತ್ತಿದ್ದ, ಅವರು ಬರಲಿಲ್ಲ ಅಂತ ಏರಿಯನ್ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಕಾದೂಸಿಯನ್ನರು ಅಂದರೆ ಅದೇ ಜನ, ಅವರ ವೀರನನ್ನೇ ಇವನು ಹಿಂದೆ ಕೊಂದಿದ್ದ. ಅವರಿಗೆ ಇವನು ಏನಂತ ಹೇಳಿ ಕಳಿಸಿದ? ಅವರು ಏನು ಉತ್ತರ ಕೊಟ್ಟರು, ಅಥವಾ ಉತ್ತರವನ್ನೇ ಕೊಡಲಿಲ್ಲವಾ? ಆ ಎಂಟು ತಿಂಗಳ ಒಂದೇ ಒಂದು ಪತ್ರ ಸಿಕ್ಕರೂ ಸಾಕು. ಅವನನ್ನು ಯಾರು, ಯಾವಾಗ ಬಿಟ್ಟರು ಅನ್ನುವುದು ಅವನ ಕಡೆಯವರ ಮಾತಿನಲ್ಲೇ ಗೊತ್ತಾಗುತ್ತದೆ.